ಬೆವರದ ಹರವಿ

ಪೇಂಟರ್ ಇನಾಯತನಿಗೆ ಜಗತ್ತಿನಲ್ಲಿ ಎರಡೇ ವೈರಿಗಳು. ಒಂದು ಫ್ಲೆಕ್ಸು, ಇನ್ನೊಂದು ಹಸಿ. ಫ್ಲೆಕ್ಸು ಈಚೆಗೆ ಬಂದದ್ದು. ಅಂಗಡಿಯ ಹೆಸರು, ಮದುವೆಯ ಸ್ವಾಗತ, ಪುಢಾರಿಗಳ ಹುಟ್ಟುಹಬ್ಬ ಎಲ್ಲವೂ ಮಷಿನ್ನಿನ ಬಾಯಿಂದ ಉರುಳಿ ಬರತೊಡಗಿದ ಮೇಲೆ ಮುಂಡರಗಿಯಲ್ಲಿ ಅವನ ಕುಂಚಕ್ಕೆ ಕೆಲಸ ಅರ್ಧಕ್ಕೆ ಇಳಿಯಿತು. ಹಸಿ ಮಾತ್ರ ಹುಟ್ಟುವೈರಿ. ಗೋಡೆಯೊಳಗೆ ಹಸಿ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಹಿಡಿದಂತೆ ಮಾಡಿದರೂ ಮಳೆಗಾಲ ಕಳೆಯುವುದರೊಳಗೆ ಹಪ್ಪಳ ಎದ್ದು ಉದುರುತ್ತದೆ. ಬೈಸಿಕೊಳ್ಳುವವನು ಪೇಂಟರು. ಅದಕ್ಕೇ ಅವನು ಕೆಲಸ ಒಪ್ಪಿಕೊಳ್ಳುವ ಮೊದಲು ಗೋಡೆಗೆ ಅಂಗೈ ಹಚ್ಚಿ ನೋಡುತ್ತಿದ್ದ. ಅಂಗೈಗೆ ತಣ್ಣಗೆ ತಗುಲಿದರೆ, "ಹಸಿ ಐತ್ರಿ, ಒಣಗಲಿ" ಎಂದು ಏಣಿ ಹೊತ್ತುಕೊಂಡು ವಾಪಸು ಬಂದುಬಿಡುತ್ತಿದ್ದ.

ಕೆಲಸಗಾರ ಒಳ್ಳೆಯವನೇ. ಅಕ್ಷರ ಮುತ್ತಿನಂಥವು. ಆದರೆ ಒಂದು ಚಟ ಇತ್ತು, ಅದು ಎಲ್ಲ ಬೋರ್ಡು ಬರೆಯುವವರಿಗೂ ಇರುವಂಥದೇ: ಏನೇ ಬರೆದರೂ ಕೆಳಗಿನ ಮೂಲೆಯಲ್ಲಿ 'ಇನಾಯತ ಆರ್ಟ್ಸ್' ಎಂದು ಸಣ್ಣಗೆ ಬರೆದು ಮೊಬೈಲ್ ನಂಬರು ಹಾಕುವುದು. ಲಾರಿಯ ಹಿಂಬದಿಗೆ ಹಾಕಿದ್ದ, ಶಾಲೆಯ ಗೋಡೆಗೆ ಹಾಕಿದ್ದ, ಯಾರದೋ ಮನೆಯ ಧಾನ್ಯದ ಡಬ್ಬಿಗೂ ಹಾಕಿದ್ದ. ಹೆಸರು ಬರೆಯದ ಕೆಲಸ ಅವನ ಲೆಕ್ಕದಲ್ಲಿ ಮಾಡದ ಕೆಲಸ.

ಅವನ ತಾಯಿ ರಸೂಲಬಿ ಇದಕ್ಕೆ ತೀರ ತಿರುಗಾಮುರುಗಾ. ಹಮ್ಮಿಗಿಯ ಕಡೆ ಹೋಗುವ ಟಂಟಂ ಆಟೋಗಳು ನಿಲ್ಲುವಲ್ಲಿ ಒಂದು ದೊಡ್ಡ ಬೇವಿನ ಮರವಿದೆ. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದ ಕೂಡಲೇ ಆಕೆ ಆ ಮರದ ಬುಡಕ್ಕೆ ಉಸುಕು ಹಾಸಿ, ಮೂರು ಮಣ್ಣಿನ ಹರವಿ ಕೂಡಿಸಿ, ನೀರು ತುಂಬಿ, ಮೇಲೊಂದು ತಾಟು ಮುಚ್ಚಿ, ಕುಡಿಯಲಿಕ್ಕೆ ಒಂದು ವಾಟೆ ಇಟ್ಟು ಬರುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೊಡ ಹೊತ್ತು ಹೋಗುವುದು. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಹರವಿಗಳ ಮೈ ಉಜ್ಜಿ ತೊಳೆಯುವುದು. ಇಷ್ಟೇ ಆಕೆಯ ಧರ್ಮ. ಯಾರು ಕುಡಿದರು, ಯಾರು ಬಿಟ್ಟರು ಎಂದು ತಿರುಗಿ ನೋಡಿದವಳಲ್ಲ. ಹಮ್ಮಿಗಿಯಿಂದ ಸೊಪ್ಪುಪಲ್ಲೆದ ಬುಟ್ಟಿ ತಂದು ಅದೇ ಮರದ ಕೆಳಗೆ ಮಾರಾಟಕ್ಕೆ ಕೂರುವ ಹನಮವ್ವನೊಬ್ಬಳೇ ಆಕೆಗೆ ಅಲ್ಲಿ ಗೆಳತಿ. ಒಬ್ಬಳು ನೀರು ಕೊಡುವುದು, ಇನ್ನೊಬ್ಬಳು ಒಂದು ಹಿಡಿ ಪುಂಡಿಪಲ್ಲೆ ಸೆರಗಿಗೆ ಹಾಕುವುದು, ಹೀಗೇ ಎಷ್ಟೋ ಬೇಸಿಗೆ ನಡೆಯಿತು.

ಇನಾಯತನಿಗೆ ಆ ಹರವಿಗಳೆಂದರೆ ಸಣ್ಣಂದಿನಿಂದ ನಾಚಿಕೆ. ಸದಾ ಒದ್ದೆ. ಬುಡದಲ್ಲಿ ಹಸಿರು ಪಾಚಿ, ಸುತ್ತ ರಾಡಿ. ಜತೆಯ ಹುಡುಗರು, "ನಿಮ್ಮವ್ವನ ಹರವಿ ಸೋರತಾವಲೇ" ಎಂದು ಕಾಡುತ್ತಿದ್ದರು. ದೊಡ್ಡವನಾಗಿ ಪೇಂಟರಾದ ಮೇಲಂತೂ ಅವು ಅವನ ಕಣ್ಣಿಗೆ ಕೆಟ್ಟ ಕೆಲಸಗಾರ ಕಟ್ಟಿದ ಗೋಡೆಯಂತೆಯೇ ಕಾಣುತ್ತಿದ್ದವು. "ಅಮ್ಮಾ, ಒಂದು ಪ್ಲಾಸ್ಟಿಕ್ ಡ್ರಮ್ಮು ಇಡೂಣು, ನಳಾ ಕೂಡ್ರಿಸೂಣು" ಎಂದು ಎಷ್ಟೋ ಸಲ ಹೇಳಿದ್ದ. "ಮಂದಿ ಕುಡಿಯಾಕತ್ತಾರಲ್ಲಪಾ" ಎಂದಷ್ಟೇ ಹೇಳಿ ರಸೂಲಬಿ ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಆಕೆ ಈ ಸಲದ ಚಳಿಗಾಲದಲ್ಲಿ ತೀರಿಕೊಂಡಳು. ಇನಾಯತ ಮಗುವಿನಂತೆ ಅತ್ತ. ಸತ್ತವರ ಹೆಸರಿನಲ್ಲಿ ನೀರು ಇಟ್ಟರೆ, ಕುಡಿದವರ ಒಂದೊಂದು ಗುಟುಕಿನ ಪುಣ್ಯವೂ ಅವರಿಗೆ ಮುಟ್ಟುತ್ತದೆ ಎನ್ನುವುದು ಮನೆಯಲ್ಲಿ ಎಲ್ಲರೂ ನಂಬಿದ ಮಾತು. ಸವಾಬು ಎನ್ನುತ್ತಾರೆ ಅದಕ್ಕೆ. ಅವ್ವನ ಹರವಿ ನಿಲ್ಲಕೂಡದು ಎಂದು ಅವನು ನಿರ್ಧಾರ ಮಾಡಿದ. ಅಲ್ಲಿಯ ತನಕ ಸರಿಯಾಗಿಯೇ ಇತ್ತು. ಆದರೆ ಈ ಸಲ ಅವು ಊರೇ ತಿರುಗಿ ನೋಡುವಂತಿರಬೇಕು, ಅವ್ವನ ಹೆಸರು ಓದದೆ ಯಾರೂ ನೀರು ಕುಡಿಯಬಾರದು ಎಂದು ಹಟ ಹಿಡಿದನಲ್ಲ, ಅಲ್ಲಿ ದಾರಿ ತಪ್ಪಿದ.

ಹತ್ತಿರದ ಡೋಣಿ ಊರಿನ ಕುಂಬಾರ ದೇವಪ್ಪನ ಮನೆಗೆ ಬೈಕು ತಗೊಂಡು ಹೋದ. ದೇವಪ್ಪ ಒಳಗೆ ಮಣ್ಣು ತುಳಿಯುತ್ತಿದ್ದ, ಗಿರಾಕಿಯ ಮಾತು ಆಡುವವಳು ಹೆಂಡತಿ ಉಡಚವ್ವ. ಅಂಗಳದಲ್ಲಿ ಕೆಲವು ಹರವಿಗಳಿಗೆ ಹಿಂದಿನ ದಿನವೇ ನೀರು ತುಂಬಿಟ್ಟಿದ್ದಳು.

"ಇದನ್ನ ನೋಡ್ರಿ, ಹೆಂಗ ಬೆವರೈತಿ," ಎಂದಳು, ತವರುಮನೆಯ ಬಂಗಾರ ತೋರಿಸುವಂತೆ.

ಇನಾಯತ ಅಂಗೈ ಹಚ್ಚಿದ. ಕೈ ಒದ್ದೆಯಾಯಿತು. "ಇದು ಸೋರಾಕತ್ತೈತಲ್ಲವಾ."

"ಸೋರಂಗಿಲ್ರಿ, ಬೆವರತೈತಿ. ಬೆವರಲಿಲ್ಲಂದ್ರ ಅದೆಂಥಾ ಹರವಿರಿ?"

"ನನಗ ಬೆವರೂದು ಬ್ಯಾಡ. ಗಟ್ಟಿಮುಟ್ಟ ಇರೂವು ಮೂರು ಕೊಡು."

ಉಡಚವ್ವ ಅವನ ಮುಖವನ್ನೇ ನೋಡಿದಳು. ಮಸ್ಕಿರಿ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕು, ತನಗೆ ಒಳ್ಳೆಯವೆಂದು ತೋರಿದ ಮೂರು ಹರವಿಗಳನ್ನೇ ಹುಲ್ಲು ಸುತ್ತಿ ಕಟ್ಟಿಕೊಟ್ಟಳು. ಹರವಿಗೆ ಒಬ್ಬಾತ ಆಯಿಲ್ ಪೇಂಟು ಬಳಿಯುತ್ತಾನೆ ಎಂದು ಆಕೆಗೆ ಕನಸಾದರೂ ಹೇಗೆ ಬೀಳಬೇಕು?

ಬಳಿದ. ಅವನಿಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದು ಬಳಿದ. ಮೊದಲು ಪುಟ್ಟಿ ಹಾಕಿ ಸಣ್ಣ ಸಣ್ಣ ತೂತು ಮುಚ್ಚಿದ, ಉಜ್ಜುಕಾಗದದಿಂದ ತಿಕ್ಕಿದ, ಪ್ರೈಮರು ಹಚ್ಚಿದ, ಒಣಗಿಸಿದ, ಅದರ ಮೇಲೆ ಗಿಳಿಹಸಿರು ಬಣ್ಣ ಎರಡು ಕೈ. ಬಾಯಿಯ ಅಂಚು ಕೂಡ ಬಿಡದೆ ಒಳಕ್ಕೆ ನಾಲ್ಕು ಬೆರಳು ಇಳಿಸಿದ. ಆಮೇಲೆ ಬಿಳಿ ಅಕ್ಷರ, ಅದಕ್ಕೆ ಹಳದಿ ನೆರಳು: 'ಮರ್ಹೂಮಾ ರಸೂಲಬಿ ಇವರ ನೆನಪಿಗಾಗಿ'. ಮರ್ಹೂಮಾ ಎಂದರೆ ತೀರಿಕೊಂಡವಳು. ಬರೆಯುವಾಗ ಕಣ್ಣಲ್ಲಿ ನೀರು ತುಂಬಿ ಎರಡು ಸಲ ಕುಂಚ ಕೆಳಗಿಟ್ಟ. ಅಂಥ ಅಕ್ಷರ ಅವನು ಜೀವಮಾನದಲ್ಲಿ ಬರೆದಿರಲಿಲ್ಲ ಅನ್ನುವುದು ಖರೆ. ಕೆಳಗಿನ ಮೂಲೆಯಲ್ಲಿ 'ಇನಾಯತ ಆರ್ಟ್ಸ್' ಮತ್ತು ನಂಬರು ಬರೆದದ್ದೂ ಖರೆ. ಕೈ ತಡೆಯಲಿಲ್ಲ.

ಹರವಿ ಕೂಡಿಸಿದ ದಿನ ಜನ ನಿಂತು ನೋಡಿದರು. ಫೋಟೋ ಹೊಡೆದುಕೊಂಡರು. ಮರದ ಎದುರಿಗೆ ಚಹಾದಂಗಡಿ ಇಟ್ಟಿರುವ ಫಕ್ರುಸಾಬ, "ತಾಯಿ ಋಣಾ ತೀರಿಸಿದಿ ನೋಡಪಾ" ಎಂದ. ಇನಾಯತ ದಿನಾ ಎರಡು ಹೊತ್ತು ನೀರು ತುಂಬತೊಡಗಿದ. ತುಂಬಿದ ನೀರು ಸಂಜೆಗೆ ತಳ ಕಾಣುತ್ತಿತ್ತು. ಇಷ್ಟು ಮಂದಿ ಅವ್ವನ ಹೆಸರಿನಲ್ಲಿ ಕುಡಿಯುತ್ತಿದ್ದಾರೆ ಎಂದು ಅವನ ಎದೆ ಉಬ್ಬುತ್ತಿತ್ತು. ಉಸುಕು ಒಣಗಿತ್ತು, ರಾಡಿ ಇಲ್ಲ, ಪಾಚಿ ಇಲ್ಲ, ಒಂದು ಹನಿ ಹೊರಗೆ ಕಾಣುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಫಕ್ರುಸಾಬ, "ನಿನ್ನ ಹರವಿ ಬಂದಾಗಿಂದ ನನ್ನ ತಣ್ಣನ ಬಾಟ್ಲಿ ಭಾಳ ಹೋಗಾಕತ್ತಾವಲೇ" ಎಂದಾಗಲೂ ಅವನು ಅದನ್ನು ತಿರುವಿ ತಿಳಿದ. ವ್ಯಾಪಾರ ಬಿತ್ತೆಂದು ಮುದುಕ ಹೊಟ್ಟೆಕಿಚ್ಚಿಗೆ ಉಲ್ಟಾ ಆಡುತ್ತಿದ್ದಾನೆ ಎಂದುಕೊಂಡು ನಕ್ಕ. ಇಷ್ಟೆಲ್ಲ ಆದರೂ ತಾನೊಂದು ದಿನ ಆ ನೀರು ಕುಡಿದು ನೋಡಲಿಲ್ಲ. ಮನೆಯಲ್ಲಿ ಫ್ರಿಜ್ಜಿತ್ತು.

ಬಿಸಿಲು ಬಲಿತ ಮೇಲೆ ಒಂದು ದಿನ ಅವನು ಬೇವಿನ ಮರದ ಪಕ್ಕದ ಗೊಬ್ಬರದ ಅಂಗಡಿಯ ಗೋಡೆಗೆ ಏಣಿ ಹಾಕಿ ಹೆಸರು ಬರೆಯುತ್ತಿದ್ದ. ಕೊಂಬೆಯ ಮರೆಯಲ್ಲಿ ಅವನು ಕೆಳಗಿನವರಿಗೆ ಕಾಣುತ್ತಿರಲಿಲ್ಲ. ಟಂಟಂ ಇಳಿದ ಗಂಡಹೆಂಡಿರಿಬ್ಬರು ಮಗುವನ್ನು ಎತ್ತಿಕೊಂಡು ಹರವಿಯ ಬಳಿಗೆ ಬಂದರು. ತಾಟು ತೆಗೆದ ಸದ್ದು, ವಾಟೆ ಅದ್ದಿದ ಸದ್ದು ಕೇಳಿ ಇನಾಯತ ಕುಂಚ ನಿಲ್ಲಿಸಿದ. ಆ ಸದ್ದು ಅವನಿಗೆ ಇಷ್ಟ.

"ಥೂ," ಎಂದಳು ಹೆಂಗಸು. "ಒಲಿ ಮ್ಯಾಲಿಂದ ಇಳಿಸಿದಂಗೈತಿ. ಬಣ್ಣದ ವಾಸನಿ ಬ್ಯಾರೆ."

"ಯಾರ್ದಿದು? ರಸೂಲಬಿ ಅಂತ ಬರದೈತಿ ನೋಡು."

"ಯಾವ ಮಹಾತಾಯಿನೋ. ಸತ್ತ ಮ್ಯಾಲೂ ಮಂದಿಗೆ ಕಾದ ನೀರ ಕುಡಸಾಕತ್ತಾಳ."

ಇಬ್ಬರೂ ನಕ್ಕರು. ಉಳಿದ ನೀರನ್ನು ಮಗುವಿನ ಕಾಲಿಗೆ ಸುರಿದು, ಫಕ್ರುಸಾಬನ ಅಂಗಡಿಗೆ ಹೋಗಿ ಬಾಟ್ಲಿ ಕೊಂಡರು. ನೀರು ದಿನಾ ತಳ ಕಾಣುತ್ತಿದ್ದುದು ಎಲ್ಲಿಗೆ ಹೋಗಿ ಎಂದು ಇನಾಯತನಿಗೆ ಆಗ ಗೊತ್ತಾಯಿತು. ಏಣಿ ಕೈಬಿಡದಿದ್ದದ್ದೇ ದೊಡ್ಡದು. ಒಂದು ಬೇಸಿಗೆಯಲ್ಲೂ ಯಾರಿಂದಲೂ ಬೈಸಿಕೊಳ್ಳದ ಅವ್ವನನ್ನು, ಗುರುತು ಪರಿಚಯ ಇಲ್ಲದವರು ಹೆಸರು ಹಿಡಿದು ಬೈದು ಹೋದರು. ಆ ಹೆಸರನ್ನು ಅವರ ಕಣ್ಣಿಗೆ ಹಿಡಿದವನು ತಾನೇ.

ಇಳಿದು ಬಂದು ಒಂದು ವಾಟೆ ಅದ್ದಿ ಕುಡಿದ. ಹೊರಗಿನ ಗಾಳಿ ಎಷ್ಟು ಕಾದಿತ್ತೋ ನೀರೂ ಅಷ್ಟೇ ಕಾದಿತ್ತು. ನೀರಿಗೆ ಒಂದು ಗುಣವಿದೆ, ಅದು ಯಾರನ್ನೂ ಬೇಡ ಅನ್ನುವುದಿಲ್ಲ. ಉಪ್ಪು ಸಿಕ್ಕರೆ ಉಪ್ಪು, ಬೆಲ್ಲ ಸಿಕ್ಕರೆ ಬೆಲ್ಲ ತನ್ನೊಳಗೆ ಮಾಡಿಕೊಳ್ಳುತ್ತದೆ. ಹರವಿಯ ಬಾಯಿಯ ಬಣ್ಣದ ಘಾಟನ್ನೂ ಅದು ಹಾಗೆಯೇ ಎತ್ತಿಕೊಂಡು ಕುಳಿತಿತ್ತು. ಅವನಿಗೆ ನುಂಗಲಾಗಲಿಲ್ಲ, ಉಗುಳುವ ಧೈರ್ಯವೂ ಆಗಲಿಲ್ಲ, ಎದುರಿಗೆ ಅವ್ವನ ಹೆಸರಿತ್ತು.

ಮನೆಗೆ ಹೋಗಿ, ಹರವಿಯ ನೀರು ಕಾಯುವುದು ನಿನಗೆ ಗೊತ್ತಿತ್ತೇ ಎಂದು ಹೆಂಡತಿ ಕೌಸರಳನ್ನು ಕೇಳಿದ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನನಗ ಮೊದಲನೇ ದಿನಾನ ಗೊತ್ತಾಗಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಅಮ್ಮಾನ ಹೆಸರು ಬರಕೋಂತ ಅಳತಿದ್ರಿ. ಹೆಂಗ ಹೇಳಲಿ?" ಎಂದಳು. ಒಂದು ಹರಳು ಹೆಕ್ಕಿ ಎಸೆದು, "ಒಂದು ಮಾಡೂಣು. ಹಳೇ ಅರಿವಿ ತೋಯಿಸಿ ಹರವಿಗೆ ಸುತ್ತೂಣು. ಎಷ್ಟರ ತಣ್ಣಗ ಆಗತಾವ."

"ಅರಿವಿ ಸುತ್ತಿದ್ರ ಹೆಸರು ಮುಚ್ಚತೈತಲ್ಲ" ಎಂದ ಇನಾಯತ.

ಕೌಸರ ಈಗ ತಲೆ ಎತ್ತಿ ಅವನನ್ನು ನೋಡಿದಳು. ಮತ್ತೆ ಅಕ್ಕಿ ಆರಿಸತೊಡಗಿದಳು. ಆ ನೋಟ ತನ್ನನ್ನು ಎಲ್ಲಿಗೆ ಇಳಿಸಿತು ಎಂದು ಇನಾಯತನಿಗೆ ತಿಳಿಯಿತು. ತಿಳಿದರೂ ಅವನು ಅರಿವೆ ಸುತ್ತಲಿಲ್ಲ. ಬದಲಿಗೆ ಬೆಳಿಗ್ಗೆ ಯಾರೂ ನೋಡದಂತೆ ಸೋಡಾ ಅಂಗಡಿಯಿಂದ ಐಸಿನ ಗಡ್ಡೆ ತಂದು ಹರವಿಯೊಳಗೆ ಬಿಡತೊಡಗಿದ. ಗಡ್ಡೆ ನೀರಿನ ಮೇಲೆ ತೇಲಿಕೊಂಡು ಹರವಿಯ ಗೋಡೆಗೆ ಟಕಟಕ ಬಡಿಯುತ್ತಿತ್ತು. ಬೆಳಗಿನ ಮಂದಿ ಕುಡಿದು ಭೇಷ್ ಎನ್ನುತ್ತಿದ್ದರು. ಬಿಸಿಲು ನೆತ್ತಿಗೆ ಬರುವ ಮೊದಲೇ ಐಸು ಕರಗಿ, ನೀರು ಮತ್ತೆ ತನ್ನ ಮೊದಲಿನ ಹಾಡಿಗೆ ಬರುತ್ತಿತ್ತು. ಬಾಯಾರಿಕೆ ಇಲ್ಲದ ಹೊತ್ತಿನಲ್ಲಿ ತಣ್ಣಗೆ, ಜೀವ ಹೋಗುವಂಥ ಹೊತ್ತಿನಲ್ಲಿ ಬಿಸಿ. ಅದೂ ಒಂದು ಧರ್ಮ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದಕ್ಕೆ ಮುಂಡರಗಿಯಲ್ಲಿ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ವಾರ ಹನಮವ್ವ ಬಂದಳು. ಮಗಳ ಬಾಣಂತನಕ್ಕೆಂದು ಶಿರಹಟ್ಟಿಗೆ ಹೋದವಳು ಬೇಸಿಗೆ ಅರ್ಧ ಕಳೆದ ಮೇಲೆ ಹಮ್ಮಿಗಿಗೆ ಮರಳಿದ್ದಳು. ಪಲ್ಲೆದ ಬುಟ್ಟಿಗೆ ತೋಯಿಸಿದ ಗೋಣಿಚೀಲ ಹೊದಿಸಿಕೊಂಡು ಟಂಟಂನಿಂದ ಇಳಿದು, ಮರದ ಕೆಳಗೆ ಬುಟ್ಟಿ ಇಟ್ಟು ಸುತ್ತ ನೋಡಿದಳು. ಆಕೆಗೆ ಓದಲು ಬರುವುದಿಲ್ಲ. ಇನಾಯತ ಅಲ್ಲೇ ಏಣಿ ಕಟ್ಟುತ್ತಿದ್ದ.

"ತಮ್ಮಾ, ನಮ್ಮ ರಸೂಲಬಿ ಹರವಿ ತಗದ್ರೇನು?"

"ಇವ ನೋಡು ಯವ್ವಾ. ಅಮ್ಮಾನ ಹೆಸರೂ ಬರದೇನಿ."

ಹನಮವ್ವ ಹಸಿರು ಹರವಿಗಳನ್ನು ಒಂದು ಸುತ್ತು ನೋಡಿದಳು. ಐಸು ಆಗಲೇ ಕರಗಿತ್ತು. ವಾಟೆ ತುಂಬಿ ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಹಾಗೇ ನಿಂತಳು. ಉಗುಳುತ್ತಾಳೆ ಎಂದು ಇನಾಯತ ಬೇರೆ ಕಡೆ ಮುಖ ತಿರುಗಿಸಿದ. ಆಕೆ ಉಗುಳಲಿಲ್ಲ. ಗೆಳತಿಯ ನೀರು ಎಂದು ಕಷ್ಟಪಟ್ಟು ನುಂಗಿ, ವಾಟೆ ಬೋರಲು ಹಾಕಿದಳು. "ಆತು ತಮ್ಮಾ," ಎಂದಳು.

ಮತ್ತೆ ಆಕೆ ಹರವಿಯ ನೀರು ಬಾಯಿಗೆ ಹಚ್ಚಲಿಲ್ಲ. ಬಾಟ್ಲಿ ಕೊಂಡು ಕುಡಿಯುವ ರೂಢಿ ಆಕೆಗಿರಲಿಲ್ಲ. ಆ ಮರದ ಕೆಳಗೆ ನೀರು ಕೊಳ್ಳಬೇಕಾದೀತು ಎಂದು ಆಕೆ ಎಂದೂ ಯೋಚಿಸಿದವಳಲ್ಲ. ನೆರಳು ಸರಿದು ಬಿಸಿಲು ಮೈಮೇಲೆ ಬಂತು. ಆಕೆ ಸೆರಗು ತಲೆಗೆ ಎಳೆದುಕೊಂಡು ಪಲ್ಲೆದ ಚೀಲಕ್ಕೆ ಮಾತ್ರ ಆಗಾಗ ಆ ನೀರು ಚಿಮುಕಿಸುತ್ತ ಕುಳಿತಿದ್ದಳು. ಇನಾಯತ ಏಣಿಯ ಮೇಲಿಂದ ಇದನ್ನೆಲ್ಲ ನೋಡುತ್ತಲೇ ಇದ್ದ. ಇಳಿದು ಒಂದು ಬಾಟ್ಲಿ ತಂದುಕೊಡಬಹುದಿತ್ತು. ಕೊಟ್ಟರೆ ಹರವಿಯ ನೀರು ಕೆಟ್ಟದ್ದೆಂದು ತಾನೇ ಒಪ್ಪಿಕೊಂಡಂತಾಗುತ್ತದೆ ಎಂದು ಸುಮ್ಮನಿದ್ದ. ಗೊಬ್ಬರದ ಅಂಗಡಿಯ 'ಗೊ' ಅಕ್ಷರಕ್ಕೆ ಎರಡನೇ ಸಲ ಬಣ್ಣ ತುಂಬಿದ.

ಮಧ್ಯಾಹ್ನ ಹನಮವ್ವ ಬುಟ್ಟಿಯ ಮೇಲೆ ವಾಲಿದಳು. ತೂಕಡಿಸುತ್ತಿದ್ದಾಳೆ ಎಂದು ಮೊದಲು ಎಲ್ಲರೂ ಅಂದುಕೊಂಡರು. ಮಾತಾಡಿಸಿದರೆ ಏನೋ ತೊದಲಿದಳು. ಫಕ್ರುಸಾಬ ಕೂಗಿಕೊಂಡ. ಟಂಟಂಗೆ ಕಾಯುತ್ತಿದ್ದ ಆಶಾ ಕಾರ್ಯಕರ್ತೆ ರೋಜಾ ಓಡಿಬಂದು ಆಕೆಯನ್ನು ನೆರಳಿಗೆ ಎಳೆಸಿದಳು, ಕುಪ್ಪಸದ ಗುಂಡಿ ಸಡಿಲಿಸಿದಳು, ಫೋನು ಕಿವಿಗೆ ಹಿಡಿದು ಆಂಬುಲೆನ್ಸಿಗೆ ಹೇಳುತ್ತಲೇ ಮೊಳಕೈ ಮುಟ್ಟಿ ನೋಡಿದಳು.

"ಬೆವರ ಇಲ್ಲ. ಮೈ ಒಣಗಿಬಿಟ್ಟೈತಿ. ಹಿಡೀರಿ ಈ ಕಡೆ."

ಇನಾಯತ ಹಿಡಿದ. ಹನಮವ್ವನ ತೋಳು ಅವನ ಅಂಗೈಗೆ ಒಣಗಿ, ಕಾದು ಸಿಕ್ಕಿತು. ಇಷ್ಟು ದಿನ ನೀರು ತುಂಬುವಾಗ ಹರವಿ ಹಿಡಿದುಕೊಂಡಾಗ ಅವನ ಕೈಗೆ ಸಿಗುತ್ತಿದ್ದುದೂ ಇದೇ, ಒಣಗಿದ ಕಾದ ಮೈ. ಬೆವರಲಾರದೆ ಕಾಯುವುದು ಎಂದರೆ ಏನೆಂದು ಅವನಿಗೆ ಆ ಕ್ಷಣ ಗೊತ್ತಾಯಿತು.

"ನೀರ ತರ್ರಿ, ಜಲ್ದಿ. ಮೈತುಂಬ ಹಾಕ್ರಿ" ಎಂದಳು ರೋಜಾ.

"ನೀರು ಕಾದೈತ್ರಿ," ಎಂದ ಇನಾಯತ. ಅಷ್ಟು ಮಂದಿಯ ಎದುರಿಗೆ, ತಾನೇ ಬರೆದ ಅಕ್ಷರಗಳ ಮುಂದೆ ನಿಂತು, ಇದನ್ನು ಬಾಯಿಬಿಟ್ಟು ಹೇಳಬೇಕಾಯಿತು. ನೆಲ ಬಾಯಿ ಬಿಟ್ಟಿದ್ದರೆ ಅವನು ಅಲ್ಲೇ ಇಳಿದುಬಿಡುತ್ತಿದ್ದ.

"ಕಾದಿದ್ರೂ ನಡೀತೈತಿ. ತೋಯಿಸಿ ಗಾಳಿ ಹಾಕ್ರಿ. ನೀರು ಆರಿ ಹೋಗೂಮುಂದ ಮೈಯಾಗಿನ ಕಾವು ತಗೊಂಡ ಹೋಗತೈತಿ. ಎಚ್ಚರಾಗೂತನಕ ಬಾಯಿಗೆ ಮಾತ್ರ ಹಾಕಬ್ಯಾಡ್ರಿ."

ಹರವಿ ಎತ್ತಿ ಸುರಿದರು. ಗಾಳಿ ಹಾಕಲು ಬೇರೆ ಏನೂ ಸಿಗದೆ ಇನಾಯತ ಕಂಬಕ್ಕೆ ಕಟ್ಟಿದ್ದ ಹರಕು ಫ್ಲೆಕ್ಸು ಕಿತ್ತು, ಯಾವನೋ ಪುಢಾರಿಯ ನಗುಮುಖ ಮಡಚಿ, ಎರಡೂ ಕೈಯಿಂದ ಬೀಸತೊಡಗಿದ. ತೋಳಿನ ಮೇಲಿನ ನೀರು ನೋಡನೋಡುತ್ತಲೇ ಆರುತ್ತಿತ್ತು. ಮತ್ತೆ ತೋಯಿಸಿದರು, ಮತ್ತೆ ಬೀಸಿದ. ಸ್ವಲ್ಪ ಹೊತ್ತಿಗೆ ತೋಳು ಮುಟ್ಟಿದರೆ ತಣ್ಣಗಿತ್ತು. ಕುಡಿಯಲು ಬಾರದೆ ಮಂದಿ ಉಗುಳಿದ ಅದೇ ನೀರು ಆಕೆಯನ್ನು ತಂಪು ಮಾಡಿತ್ತು. ಹರವಿಯೊಳಗೆ ಅದಕ್ಕೆ ಹೊರಬರಲು ದಾರಿ ಇರಲಿಲ್ಲ, ಇಲ್ಲಿ ಇತ್ತು. ಅಷ್ಟೇ ವ್ಯತ್ಯಾಸ. ಮಣ್ಣಿನ ಕಣ್ಣಿಗೆ ಕಾಣದ ತೂತುಗಳಿಂದ ಒಸರಿದ ನೀರು ಬಿಸಿಗಾಳಿಗೆ ಆರುವಾಗ ಒಳಗಿನ ಸೆಕೆಯನ್ನು ಹೊತ್ತುಕೊಂಡೇ ಹೋಗುತ್ತದೆ. ಅದಕ್ಕೇ ಅವ್ವನ ಹರವಿ ಉರಿಬಿಸಿಲಿನಲ್ಲೂ ತಣ್ಣಗಿರುತ್ತಿತ್ತು. ಅದಕ್ಕೇ ಮನುಷ್ಯ ಬೆವರುತ್ತಾನೆ, ಬೇವಿನ ಎಲೆ ಬೇರಿನಿಂದ ಎಳೆದ ನೀರನ್ನು ಗಾಳಿಗೆ ಬಿಡುತ್ತದೆ, ಒದ್ದೆ ಚೀಲದ ಕೆಳಗಿನ ಪಲ್ಲೆ ಸಂಜೆಯವರೆಗೆ ಬಾಡುವುದಿಲ್ಲ. ತಾನು ವೈರಿ ಎಂದುಕೊಂಡು ಜೀವಮಾನವಿಡೀ ಮುಚ್ಚುತ್ತ ಬಂದ ಹಸಿಯೇ ಇಷ್ಟೆಲ್ಲ ಜೀವಗಳನ್ನು ಕಾಯುತ್ತಿತ್ತು ಎಂದು ಇನಾಯತನಿಗೆ ತಿಳಿದದ್ದು, ಒಬ್ಬ ಮುದುಕಿಯನ್ನು ಆಂಬುಲೆನ್ಸಿಗೆ ಎತ್ತಿಹಾಕುವಾಗ.

ಹನಮವ್ವನ ಮಗ ಆಸ್ಪತ್ರೆಗೆ ಬಂದ. ಇನಾಯತನ ಕೈ ಹಿಡಿದು, "ನೀವು ಇದ್ರಿ ಅಂತ ನಮ್ಮವ್ವ ಉಳದ್ಲು" ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇನಾಯತ ಕೈ ಬಿಡಿಸಿಕೊಂಡು ಹೊರಗೆ ಬಂದ.

ಮರುದಿನ ಜನ ಓಡಾಡುವ ಹೊತ್ತಿನಲ್ಲೇ ಕೆರೆಯುವ ಪಟ್ಟಿ, ಟರ್ಪಂಟೈನು ತಗೊಂಡು ಮರದ ಕೆಳಗೆ ಕುಳಿತು ಬಣ್ಣ ಕೆರೆಯತೊಡಗಿದ. ಮೊದಲು ತನ್ನ ಹೆಸರು, ನಂಬರು ಕೆರೆದ. ಅದಕ್ಕೆ ಹೊತ್ತು ಹಿಡಿಯಲಿಲ್ಲ. ಅವ್ವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೆರೆದ. ಹೋಗುವವರು ಬರುವವರು ನಿಂತು ಕೇಳುತ್ತಿದ್ದರು, "ಯಾಕ್ರಿ, ಇಷ್ಟು ಚಂದ ಬರದಿದ್ರಲ್ಲ?" ಅವನು, "ನೀರು ಕಾಯತೈತ್ರಿ" ಎನ್ನುತ್ತಿದ್ದ. ಒಬ್ಬೊಬ್ಬರಿಗೂ ಅದನ್ನೇ ಹೇಳಿದ. ಒಂದು ಹರವಿಯ ಬಣ್ಣ ಪೂರ್ತಿ ತೆಗೆದು, ನೀರು ತುಂಬಿ, ಸಂಜೆಯ ತನಕ ಅಂಗೈ ಹಚ್ಚಿ ಹಚ್ಚಿ ನೋಡಿದ. ಒಂದು ಹನಿ ಬೆವರಲಿಲ್ಲ. ಬಣ್ಣ ಹೋಗಿತ್ತು, ಪ್ರೈಮರು ಮಣ್ಣಿನ ಮೈಯೊಳಗೆ ಕುಳಿತುಬಿಟ್ಟಿತ್ತು. ಕೆಲಸ ಅಷ್ಟು ಗಟ್ಟಿಯಾಗಿ ಮಾಡಿದ್ದ.

"ಬಿಡಲೇ, ಮನಿಗೆ ಒಯ್ಯಿ," ಎಂದ ಫಕ್ರುಸಾಬ. "ಹೆಸರ ಬರದದ್ದನ್ನ ಬೀದ್ಯಾಗ ಕೆರಕೋಂತ ಕುಂಡ್ರಬ್ಯಾಡ."

ಉಳಿದೆರಡನ್ನು ಮನೆಗೆ ಒಯ್ದ. ಕೌಸರ ಅವುಗಳಲ್ಲಿ ಜೋಳ ತುಂಬಿಟ್ಟಳು. ಹಸಿ ಒಳಗೆ ಹೋಗದಂತೆ ಬಳಿದದ್ದರಿಂದ ಕಾಳಿಗೆ ಹುಳ ಬೀಳಲಿಲ್ಲ. ಆದರೆ ದಿನಾ ಬೀಸಲಿಕ್ಕೆ ಜೋಳ ತೆಗೆಯುವಾಗ ಅಡುಗೆಮನೆಯಲ್ಲಿ ಆ ಅಕ್ಷರಗಳು ಅವನನ್ನು ನೋಡುತ್ತಿದ್ದವು. ಅವನು ಊಟಕ್ಕೆ ಪಡಸಾಲೆಯಲ್ಲೇ ಕೂರತೊಡಗಿದ.

ಮತ್ತೆ ಡೋಣಿಗೆ ಹೋಗಬೇಕಾಯಿತು. ಉಡಚವ್ವ, "ಇಷ್ಟು ಜಲ್ದಿ ಒಡದ್ವೇನ್ರಿ?" ಎಂದು ಕೇಳಿದಳು. ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

"ಇಲ್ಲವಾ. ಬಣ್ಣಾ ಹಚ್ಚಿದ್ದೆ."

ಉಡಚವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು. ದೇವಪ್ಪ ಮಣ್ಣುಗಾಲಲ್ಲೇ ಹೊರಗೆ ಬಂದ. ಅವನು ನಗಲಿಲ್ಲ. "ಹರವಿಗೆ?" ಎಂದಷ್ಟೇ ಕೇಳಿದ. ಇನಾಯತ ತಲೆ ಆಡಿಸಿದ. ದೇವಪ್ಪ ತಾನೇ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೂ ನೀರು ಹಾಕಿ ನೋಡಿ, ಬೆವರುವ ಮೂರು ಹರವಿ ಆರಿಸಿಕೊಟ್ಟ.

ಹೊಸ ಹರವಿಗಳಿಗೆ ಇನಾಯತ ಏನೂ ಬರೆಯಲಿಲ್ಲ. ಅವು ಒಂದೇ ದಿನಕ್ಕೆ ಮೈತುಂಬ ಬೆವರಿದವು, ಉಸುಕು ತೋಯಿತು, ಸುತ್ತ ರಾಡಿಯಾಯಿತು. ಮಧ್ಯಾಹ್ನದ ಉರಿಯಲ್ಲಿ ಕೆಲಸ ಬಿಟ್ಟು ತಾನೇ ಬಂದು ನಿಂತು ನೀರು ಕೊಡತೊಡಗಿದ. ಮೊದಲ ವಾಟೆ ತಾನು ಕುಡಿದು ನೋಡುತ್ತಿದ್ದ.

ಹನಮವ್ವ ಮೈ ಹುಷಾರಾಗಿ ಬುಟ್ಟಿ ಹೊತ್ತು ಬಂದ ದಿನ ಅವನಿಗೆ ಆಕೆಯ ಕಡೆ ನೋಡಲಾಗಲಿಲ್ಲ. ಕ್ಷಮಿಸು ಎನ್ನಬೇಕು ಎಂದು ಎಷ್ಟೋ ದಿನದಿಂದ ಮಾತು ಕೂಡಿಸಿಟ್ಟಿದ್ದ. ಅದರ ಬದಲು ವಾಟೆ ತುಂಬಿ ಮುಂದೆ ಹಿಡಿದ. ಆಕೆ ನಿಂತೇ ಗಟಗಟ ಕುಡಿದಳು, ಇನ್ನೊಂದು ಕೇಳಿದಳು, ಅದನ್ನೂ ಕುಡಿದು ಬಾಯಿ ಒರೆಸಿಕೊಂಡು ಬುಟ್ಟಿಯ ಹಿಂದೆ ಕುಳಿತಳು.

ಅಷ್ಟರಲ್ಲಿ ಲಕ್ಷ್ಮೇಶ್ವರದ ಕಡೆಯವನೊಬ್ಬ, ಹೆಗಲಿಗೆ ಟವೆಲ್ಲು ಹಾಕಿಕೊಂಡವನು, ಬೆವರು ಸುರಿಸಿಕೊಂಡು ಬಂದ. ಒಂದು ವಾಟೆ ಕುಡಿದು ಕಣ್ಣು ಮುಚ್ಚಿ ಉಸ್ ಎಂದ.

"ಎದಿ ತಂಪಾತು ನೋಡ್ರಿ. ಯಾರ ಹರವಿ ಇವು?"

ಇನಾಯತ ಬಾಯಿ ತೆರೆದ. ಅವ್ವನ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳುವ ಮುಖ ತನಗೆಲ್ಲಿದೆ ಎಂದು ಅಲ್ಲೇ ನಿಂತಿತು.

"ರಸೂಲಬೀವು," ಎಂದಳು ಹನಮವ್ವ, ಪಲ್ಲೆದ ಸೂಡು ಕಟ್ಟುತ್ತ. "ಪುಣ್ಯಾತಗಿತ್ತಿ, ತೀರಿಹೋದ್ಲು. ನಡಕ ಅಕಿ ಮಗ ಇವಕ್ಕ ಬಣ್ಣಾ ಬಳದು ಕೆಡಿಸಿಟ್ಟಿದ್ದ. ಕುಡಿಯಾಕ ಬರದ ನಾ ಸಾಯೂದೊಂದ ಬಾಕಿ ಇತ್ತು."

"ಹರವಿಗೆ ಬಣ್ಣಾ? ಎಂಥಾ ಮಗನ್ರಿ ಅಂವ," ಎಂದು ಆ ಮನುಷ್ಯ ಕಣ್ಣು ಅರಳಿಸಿದ. ಆಮೇಲೆ ಮರದ ಕಡೆ ಕೈ ಎತ್ತಿ, "ಏನರ ಇರಲಿ, ಆ ತಾಯಿ ಇದ್ದಲ್ಲೆ ತಂಪಾಗಿರಲಿ. ಮಗಗ ದೇವರು ಬುದ್ಧಿ ಕೊಡಲಿ" ಎಂದ.

ಹನಮವ್ವ ಸೂಡು ಕಟ್ಟುವುದನ್ನು ಬಿಟ್ಟು ಇನಾಯತನ ಕಡೆ ಒಮ್ಮೆ ನೋಡಿದಳು. ಇವನೇ ಆ ಮಗ ಎಂದು ಹೇಳಲಿಲ್ಲ. ಆ ಮನುಷ್ಯ ಖಾಲಿ ವಾಟೆಯನ್ನು ಇನಾಯತನ ಮುಂದೆ ಹಿಡಿದು, "ಇನ್ನೊಂದು ಕೊಡ್ರಿ" ಎಂದ.

"ತಗೋರಿ," ಎಂದು ಇನಾಯತ ತಲೆ ಎತ್ತದೆ ತುಂಬಿಕೊಟ್ಟ.